ನಡುಕಕ್ಕೆ ಮುಂಚಿನ ಹದಿನೈದು ನಿಮಿಷ

ಇಸ್ತ್ರಿಯಮ್ಮ ಹದಿನೆಂಟು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವಳು. ನೆಲಮಾಳಿಗೆಯ ಆ ಉದ್ದನೆಯ ಕೋಣೆಯಲ್ಲಿ ದಿನಕ್ಕೆ ಮುನ್ನೂರು ಬೆಡ್‌ಶೀಟು, ನೂರೈವತ್ತು ಹೊದಿಕೆ, ಹೇಳತೀರದಷ್ಟು ದಿಂಬಿನ ಚೀಲ ಆಕೆಯ ಕೈಯಡಿ ಹಾದುಹೋಗುತ್ತಿದ್ದವು. ಬಟ್ಟೆಯ ಗಂಟನ್ನು ಹೊರಗಿನಿಂದ ಒಮ್ಮೆ ಒತ್ತಿದರೆ ಸಾಕು, ಒಳಮಡಿಕೆಯಲ್ಲಿ ಹಸಿ ಉಳಿದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು. ಆ ಮಾತು ಒಂದು ಸಲವೂ ಸುಳ್ಳಾಗಿದ್ದಿಲ್ಲ. ಅದರ ಹೆಮ್ಮೆ ಆಕೆಗೂ ಇತ್ತು, ಸ್ವಲ್ಪ ಜಾಸ್ತಿಯೇ ಇತ್ತು.

ಒಂದು ವರ್ಷ ದೊಡ್ಡ ಯಂತ್ರಗಳು ಬಂದವು. ಆರು ಜನ ಬೆವರು ಸುರಿಸಿ ಮಾಡುತ್ತಿದ್ದ ಕೆಲಸಕ್ಕೆ ಇಬ್ಬರು ಸಾಕಾದರು. ಉಳಿದವರನ್ನು ಅಲ್ಲಿ ಇಲ್ಲಿ ಹಂಚಿದಾಗ ಇಸ್ತ್ರಿಯಮ್ಮನ ಪಾಲಿಗೆ ಹೆರಿಗೆ ವಿಭಾಗದ ಆಪರೇಷನ್ ಥಿಯೇಟರು ಬಂತು. ಆಗ ಆಕೆಗೆ ನಲವತ್ತೊಂದು. ಗಂಡ ಟೈಲರ್, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದ. ಸುದ್ದಿ ಕೇಳಿ ಅವನು ಕನ್ನಡಕ ಮೂಗಿನ ತುದಿಗೆ ಇಳಿಸಿದ.

"ರಕ್ತ ಕಂಡ್ರೆ ತಲೆ ಸುತ್ತುತ್ತೆ ಅಂತ ಹೇಳಿ ತಪ್ಪಿಸಿಕೊಳ್ಳೇ."

"ಹದಿನೆಂಟು ವರ್ಷ ರಕ್ತದ ಕಲೆ ತೆಗೆದವಳು ನಾನು. ರಕ್ತಾನೇ ನನ್ನ ಕಂಡು ತಲೆ ಸುತ್ತಿ ಬೀಳಬೇಕು," ಅಂದಳು ಇಸ್ತ್ರಿಯಮ್ಮ.

ಮಾತು ಜೋರಾಗಿಯೇ ಇತ್ತು. ಕೆಲಸವನ್ನೂ ಬೇಗ ಕಲಿತಳು. ಬಸುರಿಯನ್ನು ಮೇಜಿನ ಮೇಲೆ ಕೂರಿಸಿ, ಬೆನ್ನು ಬಾಗಿಸಿ ಹಿಡಿಯುವುದು. ಬೆನ್ನುಮೂಳೆಯ ಸಂದಿಗೆ ಇಂಜೆಕ್ಷನ್ ಕೊಡುವಷ್ಟು ಹೊತ್ತು ಅಲುಗಾಡದ ಹಾಗೆ ಭುಜಕ್ಕೆ ಭುಜ ಕೊಡುವುದು. ಎದೆಯಿಂದ ಕೆಳಗೆಲ್ಲ ಮರಗಟ್ಟಿದ ಮೇಲೆ ಮೆಲ್ಲಗೆ ಮಲಗಿಸುವುದು. ಸಿಸೇರಿಯನ್ ನಡೆಯುವಾಗ ತಾಯಿಗೆ ಎಚ್ಚರವಿರುತ್ತದೆ, ಮಾತಾಡುತ್ತಾಳೆ, ಮಗುವಿನ ಮೊದಲ ಅಳು ಕೇಳುತ್ತಾಳೆ. ಇಸ್ತ್ರಿಯಮ್ಮನಿಗೆ ಅದೆಲ್ಲ ಬಹಳ ಹಿಡಿಸಿತು. ಹಿಡಿಸದೆ ಹೋದದ್ದು ಒಂದೇ, ನಡುಕ.

ಮಗು ಹೊರಗೆ ಬಂದು ಐದು ಹತ್ತು ನಿಮಿಷ ಆಗುವಷ್ಟರಲ್ಲಿ ಎಷ್ಟೋ ತಾಯಂದಿರಿಗೆ ಶುರುವಾಗುತ್ತಿತ್ತು. ಮೊದಲು ದವಡೆ, ಆಮೇಲೆ ಭುಜ, ಆಮೇಲೆ ಎದೆ ತೋಳು ಎಲ್ಲ. ಹಲ್ಲು ಕಟಕಟ ಅನ್ನುವುದು ಬಾಗಿಲ ತನಕ ಕೇಳುತ್ತಿತ್ತು. ತೋಳಿಗೆ ಕಟ್ಟಿದ ಬಿಪಿ ಪಟ್ಟಿ ಊದಿ ಊದಿ ಸೋಲುತ್ತಿತ್ತು, ಲೆಕ್ಕ ತೋರಿಸುತ್ತಿರಲಿಲ್ಲ. ಥಿಯೇಟರ್ ಸಿಸ್ಟರನ್ನು ಕೇಳಿದರೆ, "ಅದು ಹಾಗೇ ಕಣಮ್ಮ, ಬೆನ್ನಿನ ಇಂಜೆಕ್ಷನ್ ತಗೊಂಡವರಲ್ಲಿ ಅರ್ಧಕ್ಕರ್ಧ ಜನ ನಡುಗ್ತಾರೆ. ತಾನಾಗೇ ನಿಲ್ಲುತ್ತೆ," ಅಂದರು. ಸಿಸ್ಟರಿಗೆ ಇಪ್ಪತ್ತು ವರ್ಷದಿಂದ ನೋಡಿ ನೋಡಿ ಅಭ್ಯಾಸವಾಗಿತ್ತು. ಇಸ್ತ್ರಿಯಮ್ಮನಿಗೆ ಇನ್ನೂ ಆಗಿರಲಿಲ್ಲ.

ಥಿಯೇಟರಿಗೆ ಬಂದು ಎರಡು ತಿಂಗಳಾಗಿತ್ತು. ಲೈಬ್ರರಿಯಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳಿಗೆ ಸಿಸೇರಿಯನ್ ಆಯಿತು. ಚೊಚ್ಚಲು. ಆಪರೇಷನ್ ಮುಗಿಸಿ ಪಕ್ಕದ ಕೋಣೆಗೆ ತಂದು ಮಲಗಿಸಿದರು. ಮಗುವನ್ನು ಎದೆಯ ಮೇಲೆ ಇಡಲು ಹೋದಾಗ ಆಕೆ ಗಡಗಡ ನಡುಗುತ್ತಾ ಎರಡೂ ಕೈ ಅಡ್ಡ ಹಿಡಿದಳು. "ಬೇಡ, ಬೇಡ... ಬೀಳಿಸಿಬಿಡ್ತೀನಿ... ಆಕಡೆ ತಗೊಂಡು ಹೋಗಿ." ಒಂಬತ್ತು ತಿಂಗಳು ಹೊತ್ತವಳು ಮಗುವಿನ ಕಡೆ ನೋಡದೆ ಗೋಡೆ ಕಡೆ ಮುಖ ತಿರುಗಿಸಿ ಅಳತೊಡಗಿದಳು.

ಇಸ್ತ್ರಿಯಮ್ಮ ಯಾರನ್ನೂ ಕೇಳಲಿಲ್ಲ. ವಾರ್ಡಿನಿಂದ ಬಿಸಿನೀರಿನ ರಬ್ಬರ್ ಚೀಲ ತಂದಳು, ಮುಟ್ಟಿ ನೋಡಿದಳು, ತನ್ನ ಕೈಗೆ ಹಿತವಾಗಿಯೇ ಇತ್ತು. ಆಕೆಯ ಪಾದಗಳ ನಡುವೆ ಇಟ್ಟು, ಮೇಲೆ ಎರಡು ಹೊದಿಕೆ ಹೊದಿಸಿದಳು. ಅರ್ಧ ಗಂಟೆಯಲ್ಲಿ ನಡುಕ ನಿಂತಿತು. ತಾಯಿ ಮಗುವನ್ನು ಎತ್ತಿಕೊಂಡಳು. ಇಸ್ತ್ರಿಯಮ್ಮ ಒಳಗೊಳಗೇ ಬೀಗಿದಳು.

ಮಧ್ಯಾಹ್ನ ಡ್ಯೂಟಿ ಮುಗಿಸುವ ಹೊತ್ತಿಗೆ ಚೀಲ ತೆಗೆಯಲು ಹೊದಿಕೆ ಎತ್ತಿದಳು. ಎಡಗಾಲಿನ ಗಿಣ್ಣಿನ ಹತ್ತಿರ ಚರ್ಮ ಕೆಂಪಾಗಿ, ನಡುವೆ ಹುಣಸೆ ಬೀಜದಷ್ಟು ಬೊಬ್ಬೆ ಎದ್ದಿತ್ತು. ಮರಗಟ್ಟಿದ ಕಾಲು ಚೀಲಕ್ಕೆ ಒತ್ತಿಕೊಂಡೇ ಇದ್ದಿತ್ತು. ತಾಯಿಗೆ ಗೊತ್ತೇ ಆಗಿರಲಿಲ್ಲ. ಈಗಲೂ ಗೊತ್ತಿರಲಿಲ್ಲ, ಮಗುವಿನ ಬೆರಳು ಎಣಿಸುತ್ತಾ ಮಲಗಿದ್ದಳು.

ಹೊದಿಕೆ ಎಳೆದು ಮುಚ್ಚಿದರೆ ಆಯಿತು, ಸಂಜೆ ಪಾಳಿಯವರು ನೋಡಿಕೊಳ್ಳುತ್ತಾರೆ, ಚೀಲ ಇಟ್ಟವರು ಯಾರು ಅಂತ ಯಾರು ಹುಡುಕುತ್ತಾರೆ? ಹೀಗೆಲ್ಲ ಒಂದು ಕ್ಷಣ ಮನಸ್ಸಿಗೆ ಬಂದದ್ದನ್ನು ಇಸ್ತ್ರಿಯಮ್ಮ ಮುಂದೆ ಎಂದೂ ಮುಚ್ಚಿಡಲಿಲ್ಲ. ಆದರೆ ಕಾಲು ಆಕೆಯನ್ನು ನೇರವಾಗಿ ಅರಿವಳಿಕೆ ಡಾಕ್ಟರ ಕೋಣೆಗೆ ಕರೆದುಕೊಂಡು ಹೋಯಿತು.

ಅರಿವಳಿಕೆ ಡಾಕ್ಟರು ಮೂವತ್ತರ ಆಸುಪಾಸಿನ ಹೆಂಗಸು. ಗುಬ್ಬಿಯಂಥ ಆಳು, ದೊಡ್ಡ ಕನ್ನಡಕ, ಮೆಲುಮಾತು. ಬಾಗಿಲಲ್ಲಿ ನಿಂತ ಇಸ್ತ್ರಿಯಮ್ಮನ ಮುಖ ನೋಡಿಯೇ ಎದ್ದು ನಿಂತರು.

"ಡಾಕ್ಟ್ರೇ, ಆ ಲೈಬ್ರರಿ ಹುಡುಗಿ ಕಾಲು ಸುಟ್ಟಿದೀನಿ. ನಾನೇ. ಬಿಸಿನೀರಿನ ಚೀಲ ಇಟ್ಟಿದ್ದೆ."

ಡಾಕ್ಟರು ಬೈಯಲಿಲ್ಲ, ಓಡಿದರು. ಗಾಯವನ್ನು ತಣ್ಣೀರಿನಿಂದ ತೋಯಿಸಿದರು, ಮುಲಾಮು ಹಚ್ಚಿಸಿದರು, ತಾಯಿಗೂ ಆಕೆಯ ಗಂಡನಿಗೂ ಇದ್ದದ್ದು ಇದ್ದಂತೆ ಹೇಳಿದರು, ಪುಸ್ತಕದಲ್ಲಿ ಬರೆದರು. ಎಲ್ಲ ಮುಗಿದ ಮೇಲೆ ಇಸ್ತ್ರಿಯಮ್ಮ ಮಂಚದ ಪಕ್ಕ ಹೋಗಿ ಕೈಮುಗಿದು ನಿಂತಳು.

ಲೈಬ್ರರಿ ಹುಡುಗಿ ಹೇಳಿದಳು: "ಆಗ ಎಲ್ಲರೂ ಮಗೂನ ನೋಡ್ತಿದ್ರು ಅಕ್ಕ. ನನ್ನ ನೋಡಿದ್ದು ನೀವೊಬ್ಬರೇ. ಆದರೆ ಇನ್ನೊಬ್ಬರಿಗೆ ಹೀಗೆ ಮಾಡಬೇಡಿ."

ಆ ಗಾಯ ಎರಡು ವಾರದಲ್ಲಿ ಮಾಯಿತು. ಇಸ್ತ್ರಿಯಮ್ಮನಿಗೆ ಆ ಮಾತು ಮಾತ್ರ ಮಾಯಲಿಲ್ಲ. ಇನ್ನು ಥಿಯೇಟರಿನಿಂದ ತೆಗೆದುಹಾಕುತ್ತಾರೆ ಅಂತಲೇ ಅಂದುಕೊಂಡಿದ್ದಳು. ಮರುದಿನ ಅರಿವಳಿಕೆ ಡಾಕ್ಟರು ಆಕೆಯನ್ನು ಕೂರಿಸಿಕೊಂಡು ಟೀ ತರಿಸಿದರು.

"ನೀವು ಮುಚ್ಚಿಟ್ಟಿದ್ದರೆ ಈ ಮಾತು ಆಡ್ತಿರಲಿಲ್ಲ. ನಡುಕ ನಿಲ್ಲಿಸಬೇಕು ಅಂತ ನಿಮಗೆ ಅನ್ನಿಸಿದ್ದು ಸರಿ. ದಾರಿ ತಪ್ಪು. ಮರಗಟ್ಟಿದ ಕಾಲಿಗೆ ಬಿಸಿ ಇಡೋದು ಅಂದ್ರೆ ಮಲಗಿದವರ ಮನೆಗೆ ಬೆಂಕಿ ಇಟ್ಟಂಗೆ. ಅವರಿಗೆ ಗೊತ್ತಾಗೋದೇ ಇಲ್ಲ."

"ಹಾಗಾದ್ರೆ ಆ ನಡುಕ ಯಾಕೆ ಬರುತ್ತೆ ಡಾಕ್ಟ್ರೇ? ಹೊದಿಸಿದರೂ ನಡುಗ್ತಾರಲ್ಲ."

ಡಾಕ್ಟರು ಕಾಗದದ ಮೇಲೆ ಒಂದು ಮನುಷ್ಯಾಕೃತಿ ಗೀಚಿದರು. ಮೈಯ ಬಿಸಿಯೆಲ್ಲ ಒಡಲಿನೊಳಗೆ ಜೋಪಾನವಾಗಿ ಇರುತ್ತದೆ, ಕೈಕಾಲಿನ ರಕ್ತನಾಳಗಳು ಬಿಗಿಯಾಗಿದ್ದು ಅದನ್ನು ಹೊರಗೆ ಬಿಡುವುದಿಲ್ಲ. ಬೆನ್ನಿನ ಇಂಜೆಕ್ಷನ್ ಬಿದ್ದ ಕೂಡಲೇ ಕಾಲಿನ ನಾಳಗಳು ಸಡಿಲವಾಗುತ್ತವೆ. ಒಡಲಿನ ಬಿಸಿ ತಣ್ಣಗಿರುವ ಕಾಲುಗಳ ಕಡೆ ಹರಿದುಹೋಗುತ್ತದೆ. ಜೊತೆಗೆ ತಣ್ಣನೆಯ ಕೋಣೆ, ತಣ್ಣನೆಯ ಡ್ರಿಪ್, ಹೊಟ್ಟೆಗೆ ಸವರುವ ತಣ್ಣನೆಯ ಔಷಧಿ. ಒಡಲು ತಣ್ಣಗಾದಾಗ ಮೈ ಬಿಸಿ ಹುಟ್ಟಿಸಿಕೊಳ್ಳಲು ನಡುಗುತ್ತದೆ. ಕಾಲು ಕೆಲಸ ಮಾಡದ್ದರಿಂದ ಎದೆ, ತೋಳು, ದವಡೆಯೇ ಕಾಲಿನ ಪಾಲಿನದ್ದನ್ನೂ ಸೇರಿಸಿ ನಡುಗುತ್ತವೆ.

"ಇದೊಂದೇ ಕಾರಣ ಅಂತಲ್ಲ," ಅಂದರು ಡಾಕ್ಟರು, "ಬೇರೆಯೂ ಇವೆ. ಆದರೆ ನಮ್ಮ ಕೈಯಲ್ಲಿರೋದು ಇದು."

ಇಸ್ತ್ರಿಯಮ್ಮ ಟೀ ಲೋಟ ಹಿಡಿದುಕೊಂಡೇ ಕೇಳಿದಳು. "ಒಣಗಿಸೋ ಯಂತ್ರದಿಂದ ಬಟ್ಟೆ ಗಂಟು ತೆಗೀತೀವಲ್ಲ, ಗಂಟಾಗೇ ಇದ್ರೆ ಒಂದು ಗಂಟೆ ಬಿಸಿ ಇರುತ್ತೆ. ಕಲ್ಲಿನ ಮೇಜಿನ ಮೇಲೆ ಬಿಚ್ಚಿ ಹರಡಿದ್ರೆ ಎರಡೇ ನಿಮಿಷಕ್ಕೆ ತಣ್ಣಗೆ. ಬಿಸೀನ ಯಾರೂ ಕದ್ದಿಲ್ಲ, ಮೇಜು ಕುಡಿದುಬಿಡ್ತು. ಹಾಗೇನಾ ಇದೂ?"

"ಹಾಗೇ!"

"ಹಾಗಾದ್ರೆ ಮೊದಲೇ ಮೇಜನ್ನ ಬಿಸಿ ಮಾಡಿಟ್ಟು ಆಮೇಲೆ ಗಂಟು ಬಿಚ್ಚಿದ್ರೆ?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಕ್ಕ, ಈ ಮಾತನ್ನ ನಾನು ಪುಸ್ತಕದಲ್ಲಿ ಓದಿ ಐದು ವರ್ಷ ಆಯ್ತು. ನೀವು ಒಂದು ಲೋಟ ಟೀ ಮುಗಿಯೋ ಮೊದಲೇ ಹೇಳಿದ್ರಿ. ನಡುಕ ಬಂದ ಮೇಲೆ ಹೊದಿಸೋದಲ್ಲ. ಇಂಜೆಕ್ಷನ್‌ಗೆ ಮುಂಚೆಯೇ ಹದಿನೈದು ನಿಮಿಷ ಕೈಕಾಲು ಬೆಚ್ಚಗೆ ಮಾಡಬೇಕು. ಇಷ್ಟು ದಿನ ನನ್ನ ಜೊತೆ ನಿಲ್ಲೋ ಒಂದು ಆಳು ಇರಲಿಲ್ಲ, ಅಷ್ಟೇ."

ಆಳು ಸಿಕ್ಕಿತು. ಉಗ್ರಾಣದಲ್ಲಿ ಬಿಸಿಗಾಳಿ ಊದುವ ಯಂತ್ರವೊಂದು ದೊಡ್ಡ ಆಪರೇಷನ್ನುಗಳಿಗೆಂದು ಕೂತಿತ್ತು. ತೆಳ್ಳನೆಯ ಗಾಳಿಹೊದಿಕೆಯೊಳಗೆ ಬೆಚ್ಚನೆ ಗಾಳಿ ತುಂಬುವಂಥದ್ದು. ಡಾಕ್ಟರು ಅದನ್ನು ರಿಪೇರಿಯವರಿಂದ ಸರಿಮಾಡಿಸಿ ಕಾಯುವ ಕೋಣೆಗೆ ತರಿಸಿದರು. ಡ್ರಿಪ್ ಬಾಟಲಿ ಇಡಲು ಬೆಚ್ಚನೆಯ ಕಪಾಟು ಬಂತು. ಇಸ್ತ್ರಿಯಮ್ಮ ಬಾಟಲಿ ಮುಟ್ಟಿ "ಸರಿಯಾಗಿದೆ" ಅಂದಾಗ ಡಾಕ್ಟರು ಥರ್ಮಾಮೀಟರ್ ತೋರಿಸಿದರು.

"ನಿಮ್ಮ ಕೈ ಬಟ್ಟೆಗೆ. ಬಾಟಲಿಗೆ ಇದು."

ಹದಿನೆಂಟು ವರ್ಷ ಕೈಯನ್ನೇ ನಂಬಿದವಳಿಗೆ ಇದು ಸ್ವಲ್ಪ ಚುಚ್ಚಿತು. ಆದರೆ ಬಿಸಿನೀರಿನ ಚೀಲವನ್ನೂ ಇದೇ ಕೈ ಮುಟ್ಟಿ ನೋಡಿ ಸರಿ ಅಂದಿತ್ತಲ್ಲ. ಅಂದಿನಿಂದ ಬೆಳಿಗ್ಗೆ ಬಂದ ಕೂಡಲೇ ಕಪಾಟಿನ ಅಳತೆ ನೋಡಿ ಬರೆಯುವುದು, ಪ್ರತಿ ಬಾಟಲಿಗೆ ಒಳಗಿಟ್ಟ ತಾರೀಖಿನ ಚೀಟಿ ಅಂಟಿಸುವುದು ಆಕೆಯ ಮೊದಲ ಕೆಲಸವಾಯಿತು.

ಅಡ್ಡಿ ಬಂದದ್ದು ಆಪರೇಷನ್ ಮಾಡುವ ದೊಡ್ಡ ಮೇಡಂ ಕಡೆಯಿಂದ. ಕೈಚಳಕದಲ್ಲಿ ಅವರನ್ನು ಮೀರಿಸುವವರಿಲ್ಲ, ಕೋಪದಲ್ಲೂ ಅಷ್ಟೇ. ಅವರಿಗೆ ಎಸಿ ಹದಿನೆಂಟರಲ್ಲಿರಬೇಕು. ಅರಿವಳಿಕೆ ಡಾಕ್ಟರು ಇಪ್ಪತ್ತಮೂರಕ್ಕೆ ಏರಿಸಿದ ಮೊದಲ ದಿನ ಮೇಡಂ ಹಣೆಯಿಂದ ಬೆವರು ಇಳಿಯತೊಡಗಿತು.

"ತಾಯಿ ನಡುಗಬಾರದು ಅಂತ ನನ್ನನ್ನ ಆವಿಯಲ್ಲಿ ಬೇಯಿಸ್ತೀರಾ? ನನ್ನ ಬೆವರು ಗಾಯಕ್ಕೆ ಬಿದ್ದರೆ ಯಾರು ಹೊಣೆ?"

ಅದೂ ಸುಳ್ಳಲ್ಲ. ಎಸಿ ಮತ್ತೆ ಕೆಳಗಿಳಿಯಿತು. ಆಪರೇಷನ್ ಮುಗಿದ ಮೇಲೆ ಮೇಡಂ ಕಳಚಿಹಾಕಿದ ಬಟ್ಟೆ ಎತ್ತಿಕೊಳ್ಳುವಾಗ ಇಸ್ತ್ರಿಯಮ್ಮ ಬೆರಳಲ್ಲಿ ಅದನ್ನು ಉಜ್ಜಿ ನೋಡಿದಳು. ಗೌನಿನ ಒಳಗೆ ತೊಡುವ ಅಂಗಿ ರಟ್ಟಿನ ಹಾಗೆ ಸೆಟೆದು ನಿಂತಿತ್ತು. ಆಕೆ ಸೀದಾ ನೆಲಮಾಳಿಗೆಗೆ ಇಳಿದಳು.

"ಏನ್ರಪ್ಪ, ಮೇಡಂ ಅಂಗಿಗೆ ಗಂಜಿ ಹಾಕ್ತಿದ್ದೀರಾ?"

"ದೊಡ್ಡ ಡಾಕ್ಟರು, ಠೀವಿಯಾಗಿ ಇರಲಿ ಅಂತ," ಅಂದರು ಲಾಂಡ್ರಿಯವರು.

"ನಿಮ್ಮ ಠೀವಿಗೆ ಬೆಂಕಿ ಬೀಳ! ಗಂಜಿ ಹಾಕಿದ್ರೆ ಎಳೆ ಎಳೆ ಮಧ್ಯೆ ಗಾಳಿ ಹೇಗೆ ಆಡುತ್ತೆ? ಪ್ಲಾಸ್ಟಿಕ್ ತೊಡಿಸಿದಂಗೆ."

ಮಾರನೇ ದಿನ ಮೇಡಂಗೆ ಗಂಜಿಯಿಲ್ಲದ, ಒಗೆದು ಒಗೆದು ಮೆತ್ತಗಾದ ತೆಳು ಹತ್ತಿ ಅಂಗಿ ಸಿದ್ಧವಾಗಿತ್ತು. ಹಣೆಗೆ ಕಟ್ಟಲು ಬೆವರು ಹೀರುವ ಪಟ್ಟಿಯನ್ನು ಇಸ್ತ್ರಿಯಮ್ಮನ ಗಂಡ ಹೊಲಿದುಕೊಟ್ಟಿದ್ದ. ಮೇಡಂ ಏನೂ ಕೇಳದೆ ತೊಟ್ಟರು. ಅರಿವಳಿಕೆ ಡಾಕ್ಟರು ಉಸಿರು ಬಿಗಿಹಿಡಿದು ಎಸಿಯನ್ನು ಇಪ್ಪತ್ತಮೂರಕ್ಕೆ ಇಟ್ಟರು. ಹೊಟ್ಟೆ ಕೊಯ್ದಾಯಿತು, ಮಗು ಬಂತು, ಹೊಲಿಗೆಯೂ ಮುಗಿಯಿತು. ಕೈಗವಸು ತೆಗೆಯುತ್ತಾ ಮೇಡಂ ಅಂದರು, "ಇವತ್ತು ಎಸಿ ಚೆನ್ನಾಗಿ ಕೆಲಸ ಮಾಡ್ತಿದೆ."

ಸಿಸ್ಟರು ಕೆಮ್ಮಿದರು. ಅರಿವಳಿಕೆ ಡಾಕ್ಟರು ಗೋಡೆ ನೋಡಿದರು. ಮೇಡಂ ತಿರುಗಿ ಎಸಿಯ ಅಂಕಿ ಓದಿದರು, ಎರಡು ಸಲ ಓದಿದರು. ಆಮೇಲೆ ತಮ್ಮ ಅಂಗಿಯ ಅಂಚನ್ನು ಬೆರಳಲ್ಲಿ ಹಿಡಿದು, "ಯಾರು ಮಾಡಿದ್ದು ಇದು?" ಅಂದರು.

"ನಾನೇ ಮೇಡಂ."

"ಇಂಥವು ಇನ್ನೂ ಆರು ಮಾಡಿಸು," ಅಂದು ಹೊರಗೆ ಹೋದರು. ಎಸಿಯ ರಿಮೋಟು ಅಂದಿನಿಂದ ಅರಿವಳಿಕೆ ಡಾಕ್ಟರ ಕಡೆಯೇ ಉಳಿಯಿತು.

ಮನೆಯಲ್ಲಿ ಇಸ್ತ್ರಿಯಮ್ಮನ ಗಂಡ ಈ ಕೆಲಸಕ್ಕೆ ತಾನೂ ಬಿದ್ದ. ಆಪರೇಷನ್ ಆದ ತಾಯಿಗೆ ತೊಡಿಸಲು ಒಂದು ಅಂಗಿ: ಎದೆ ತೋಳು ಮುಚ್ಚಬೇಕು, ಆದರೆ ಡ್ರಿಪ್ ಹಾಕಿದ ಕೈ ಹೊರಗಿರಬೇಕು, ಮಗುವನ್ನು ಎದೆಗೆ ಒರಗಿಸಲು ಮುಂದುಗಡೆ ತೆರೆಯುವಂತಿರಬೇಕು. ಹೆಂಡತಿಯನ್ನೇ ಮಂಚದ ಮೇಲೆ ಮಲಗಿಸಿ, ತಲೆದಿಂಬನ್ನು ಮಗುವಾಗಿ ಮಾಡಿ ಅಳತೆ ತೆಗೆದ.

"ಅಲುಗಾಡಬೇಡ ಕಣೇ, ಹೆತ್ತವಳು ಹೀಗೆ ನಗ್ತಾಳಾ?"

"ಮೂಗಿನ ಮೇಲೆ ಟೇಪ್ ಇಳಿಬಿಟ್ಟರೆ ಎಂಥ ಹೆತ್ತವಳೂ ನಗ್ತಾಳೆ ರೀ."

ನಾಲ್ಕನೇ ಸಲಕ್ಕೆ ಸರಿಯಾಯಿತು. ಎರಡು ಪದರದ ಮೆತ್ತನೆ ಬಟ್ಟೆ, ಗುಂಡಿಯ ಬದಲು ದಾರ. ಕುದಿನೀರಿನಲ್ಲಿ ಒಗೆದರೂ ಕುಗ್ಗದ್ದನ್ನೇ ಇಸ್ತ್ರಿಯಮ್ಮ ಆರಿಸಿದ್ದಳು. ಡಾಕ್ಟರು, ಸಿಸ್ಟರು ನೋಡಿ ಒಪ್ಪಿದ ಮೇಲೆ ಹತ್ತು ಹೊಲಿಸಿದರು.

ಹೀಗೆ ಒಂದೊಂದೇ ಜೋಡಿಸುತ್ತಾ ಹೋದಂತೆ ಥಿಯೇಟರಿನ ರೂಢಿಯೇ ಬದಲಾಯಿತು. ಕಾಯುವ ಕೋಣೆಯಲ್ಲಿ ಹದಿನೈದು ನಿಮಿಷ ಬಿಸಿಗಾಳಿ. ಡ್ರಿಪ್ ಬೆಚ್ಚಗೆ. ಹೊಟ್ಟೆಗೆ ಸವರಿದ ಔಷಧಿ ಬೆನ್ನಡಿ ಇಳಿದರೆ ಕೂಡಲೇ ಒರೆಸಿ ಒಣಬಟ್ಟೆ. ಇದರಲ್ಲಿ ಮಾತ್ರ ಇಸ್ತ್ರಿಯಮ್ಮನ ಕೈಯೇ ಥರ್ಮಾಮೀಟರು. ಹಾಸಿನಡಿ ಕೈ ಹಾಕಿ "ಹಸಿ" ಅಂದರೆ ಹಸಿಯೇ. ಸಿಸ್ಟರು ಒಂದು ನೋಟ್‌ಬುಕ್ಕಿನಲ್ಲಿ ನಡುಗಿದವರಿಗೆ ಗೀಟು, ನಡುಗದವರಿಗೆ ಸೊನ್ನೆ ಹಾಕುತ್ತಿದ್ದರು. ಮೊದಲಿನ ನಲವತ್ತು ಜನರಲ್ಲಿ ಇಪ್ಪತ್ತೆರಡು ಗೀಟು. ಹೊಸ ರೂಢಿಯ ನಲವತ್ತರಲ್ಲಿ ಎಂಟು.

"ಇನ್ನೂ ಎಂಟಾ?" ಅಂತ ಇಸ್ತ್ರಿಯಮ್ಮನ ಮುಖ ಸಣ್ಣದಾಯಿತು.

"ಸೊನ್ನೆ ಆಗಲ್ಲ ಅಕ್ಕ, ಯಾರೂ ಮಾಡಿಲ್ಲ," ಅಂದರು ಡಾಕ್ಟರು. "ಆ ಎಂಟು ಜನಕ್ಕೆ ನನ್ನ ಹತ್ತಿರ ಔಷಧಿ ಇದೆ. ಮೊದಲಾಗಿದ್ರೆ ಇಪ್ಪತ್ತೆರಡು ಜನಕ್ಕೆ ಬೇಕಿತ್ತು, ಅಷ್ಟು ಜನಕ್ಕೆಲ್ಲ ಕೊಡೋಕೆ ನನಗೇ ಮನಸ್ಸಿರಲಿಲ್ಲ."

ಒಂದು ಬುಧವಾರ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಸ್ಟ್ರೆಚರು ಓಡುತ್ತಾ ಬಂತು. ಮೇಲೆ ಟ್ರಾಫಿಕ್ ಪೊಲೀಸ್ ಹೆಂಗಸು. ಆಳೆತ್ತರ, ಅಗಲ ಭುಜ. ಹತ್ತು ತಾಸಿನಿಂದ ನೋವು ತಿಂದು ಮೈಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಮಗುವಿನ ಎದೆಬಡಿತ ಇಳಿಯುತ್ತಿದೆ ಅಂದರು. ಇಸ್ತ್ರಿಯಮ್ಮ ಅಭ್ಯಾಸಬಲದಿಂದ ಬಿಸಿಗಾಳಿಯ ಕೊಳವೆ ಕೈಗೆತ್ತಿಕೊಂಡಿದ್ದಳು.

"ಅಕ್ಕ, ಇವತ್ತು ನಮಗೆ ಹದಿನೈದು ನಿಮಿಷ ಇಲ್ಲ. ಹದಿನೈದು ಸೆಕೆಂಡೂ ಇಲ್ಲ," ಅಂದರು ಅರಿವಳಿಕೆ ಡಾಕ್ಟರು.

ಇಸ್ತ್ರಿಯಮ್ಮ ಕೊಳವೆ ಕೆಳಗಿಟ್ಟಳು. ಮೊದಲು ಮಗು, ಉಳಿದದ್ದೆಲ್ಲ ಆಮೇಲೆ. ಇದು ಗೊತ್ತಿಲ್ಲದವರು ಥಿಯೇಟರಿನಲ್ಲಿ ಇರಬಾರದು ಅಂತ ಆಕೆಯೇ ಹೊಸಬರಿಗೆ ಹೇಳುತ್ತಿದ್ದಳು. ಆದರೆ ಕೈ ಸುಮ್ಮನಿರಲಿಲ್ಲ. ಬೆನ್ನು ಬಾಗಿಸಿ ಹಿಡಿಯುವ ಮೊದಲೇ ಒದ್ದೆ ಅಂಗಿ ಎಳೆದುಹಾಕಿ ಒಣ ಟವೆಲಿನಿಂದ ಮೈ ಒರೆಸಿದ್ದಳು. ಅಷ್ಟರಲ್ಲಿ ಸಿಸ್ಟರ ಕೈಗೆ ಕಪಾಟಿನ ಬೆಚ್ಚನೆ ಬಾಟಲಿ ಹೋಗಿತ್ತು. ಇಂಜೆಕ್ಷನ್ ಆಯಿತು. ಮಲಗಿಸಿದ ಮರುಕ್ಷಣ ಮೇಡಂ ಚಾಕು ಹಿಡಿದಿದ್ದರು.

ಮಗು ಬಂತು. ಒಂದು ಕ್ಷಣ ಕೋಣೆಯೆಲ್ಲ ಸ್ತಬ್ಧ. ಆಮೇಲೆ ಕಿರ್ ಅಂತ ಅಳು. ಪೊಲೀಸಮ್ಮನ ಕಣ್ಣಿನಿಂದ ನೀರು ಕಿವಿಗೆ ಇಳಿಯಿತು. "ಗಂಡಾ ಹೆಣ್ಣಾ?" ಅಂದಳು. "ಹೆಣ್ಣು. ಗಂಟಲು ನೋಡಿದ್ರೆ ನಿಮ್ಮ ಕೆಲಸಕ್ಕೇ ಬರೋದು," ಅಂದರು ಮೇಡಂ, ಹೊಲಿಗೆಯಿಂದ ತಲೆ ಎತ್ತದೆ.

ಹೊಲಿಗೆ ಅರ್ಧವಾಗಿರಬೇಕು, ದವಡೆ ಅದುರಲು ಶುರುವಾಯಿತು. ಇಸ್ತ್ರಿಯಮ್ಮ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಲೇ ಇದ್ದಳು. ಎದೆ ತೋಳಿನ ಮೇಲೆ ಹೊದಿಸಿದ್ದ ಗಾಳಿಹೊದಿಕೆಗೆ ಈಗ, ಒಳಗೆ ತಳ್ಳಿ ತಂದಿದ್ದ ಯಂತ್ರದ ಕೊಳವೆ ಸಿಕ್ಕಿಸಿದಳು, ಡಾಕ್ಟರು ತಲೆಯಾಡಿಸಿದರು.

"ಅಕ್ಕ, ಏನಿದು?" ಪೊಲೀಸಮ್ಮನ ಹಲ್ಲು ಕಟಕಟ ಅನ್ನುತ್ತಿತ್ತು. "ಚೌಕದಲ್ಲಿ... ಹತ್ತು ಚಕ್ರದ ಲಾರಿ ನಿಲ್ಲಿಸೋ ಕೈ ಇದು... ನನ್ನ ಮಾತೇ ಕೇಳ್ತಿಲ್ಲ."

"ಕೇಳುತ್ತೆ, ಕೇಳುತ್ತೆ. ಭಯ ಪಟ್ಟು ನಡುಗ್ತಿರೋದಲ್ಲ ಇದು, ಮೈ ಬಿಸಿ ಹುಡುಕ್ತಿದೆ. ನೀವು ಓಡಿ ಬಂದ್ರಿ, ಮೊದಲೇ ಬೆಚ್ಚಗೆ ಮಾಡೋಕೆ ಟೈಮ್ ಕೊಡಲಿಲ್ಲ. ಡಾಕ್ಟರು ಒಂದು ಔಷಧಿ ಕೊಡ್ತಾರೆ, ಸ್ವಲ್ಪ ಹೊತ್ತು ನನ್ನ ಕೈ ಹಿಡ್ಕೊಳ್ಳಿ."

ಡಾಕ್ಟರು ಡ್ರಿಪ್ಪಿನ ಕೊಳವೆಯಲ್ಲಿ ಸಣ್ಣ ಪ್ರಮಾಣದ ಔಷಧಿ ಬಿಟ್ಟರು. ಪೊಲೀಸಮ್ಮ ಕೈ ಹಿಡಿದಳು. ಬೆರಳಿನ ಮೂಳೆ ಪುಡಿಯಾಯಿತೇನೋ ಅನ್ನಿಸಿತು ಇಸ್ತ್ರಿಯಮ್ಮನಿಗೆ. ಎರಡು ನಿಮಿಷ, ಮೂರು ನಿಮಿಷ. ಹಿಡಿತ ಮೆಲ್ಲಗೆ ಸಡಿಲವಾಯಿತು. ದವಡೆ ನಿಂತಿತು. ಬಿಪಿ ಪಟ್ಟಿ ಒಂದೇ ಸಲಕ್ಕೆ ಲೆಕ್ಕ ತೋರಿಸಿತು. ಸಿಸ್ಟರು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿದರು, ನಡುಗಿದ್ದು ನಡುಗಿದ್ದೇ.

ಪಕ್ಕದ ಕೋಣೆಗೆ ತಂದಾಗ ಇಸ್ತ್ರಿಯಮ್ಮ ತನ್ನ ಗಂಡ ಹೊಲಿದ ಅಂಗಿ ತೊಡಿಸಿ, ದಾರ ಬಿಚ್ಚಿ, ಮಗುವನ್ನು ಎದೆಗೆ ಒರಗಿಸಿ, ಇಬ್ಬರ ಮೇಲೂ ಬಟ್ಟೆ ಎಳೆದಳು. ಪೊಲೀಸಮ್ಮ ಒಂದು ಕೈಯನ್ನು ಮಗುವಿನ ಬೆನ್ನ ಮೇಲಿಟ್ಟಳು. ಅಂಗೈಗಿಂತ ಬೆನ್ನು ಚಿಕ್ಕದಿತ್ತು. ಕೈ ಒಂದಿಷ್ಟೂ ಅಲುಗಲಿಲ್ಲ.

"ಅಕ್ಕ, ನಿಮ್ಮ ಬೆರಳು ಮುರೀಲಿಲ್ಲ ತಾನೆ?"

"ಮುರಿದ್ರೆ ಇಲ್ಲೇ ಆಸ್ಪತ್ರೆ ಇದೆಯಲ್ಲ."

ಪೊಲೀಸಮ್ಮ ನಗಲು ಹೋಗಿ ಎದೆಯ ಮೇಲಿನ ಮಗು ಅಲುಗಿದ್ದಕ್ಕೆ "ಅಯ್ಯಮ್ಮ" ಅಂದಳು. "ನಗಿಸಬೇಡಿ. ಹೊರಗೆ ನಮ್ಮ ಯಜಮಾನ್ರು ನಿಂತಿದಾರೆ, ಅವರಿಗೆ ಹೇಳಿ ಹೆಣ್ಣು ಅಂತ. ನಿಂತಲ್ಲೇ ಹೇಳಬೇಡಿ, ಕೂರಿಸಿ ಹೇಳಿ. ಅವರು ಖುಷಿಗೂ ತಲೆ ತಿರುಗಿ ಬೀಳೋ ಪೈಕಿ."

ಇಸ್ತ್ರಿಯಮ್ಮ ಹೊರಗೆ ಹೋಗಿ ಆ ಮನುಷ್ಯನನ್ನು ಬೆಂಚಿನ ಮೇಲೆ ಕೂರಿಸಿಯೇ ಹೇಳಿದಳು. ಕೂರಿಸಿದ್ದು ಒಳ್ಳೆಯದೇ ಆಯಿತು. ಅವನಿಗೆ ಒಂದು ಲೋಟ ನೀರು ಕುಡಿಸಿ, ಒಳಗೆ ಕಳಿಸಿ ವಾಪಸು ಬರುವಾಗ ಕಾಯುವ ಕೋಣೆಯಲ್ಲಿ ಹನ್ನೆರಡು ಗಂಟೆಯ ಬಸುರಿ ಬಂದು ಕೂತಿದ್ದಳು. ಎರಡೂ ಕೈ ಹೊಟ್ಟೆಯ ಮೇಲೆ, ಕಣ್ಣು ಬಾಗಿಲ ಮೇಲೆ.

"ಕಾಲು ತಣ್ಣಗಿದೆಯಾ ನೋಡೋಣ," ಅಂದು ಇಸ್ತ್ರಿಯಮ್ಮ ಆಕೆಯ ಪಾದ ಮುಟ್ಟಿದಳು. ಇವಳ ಪಾಲಿಗೆ ಬೇಕಾದಷ್ಟು ಸಮಯವಿತ್ತು. ಗಾಳಿಹೊದಿಕೆ ಬಿಡಿಸಿ ಹೊದಿಸಿ, ಯಂತ್ರದ ಗುಂಡಿ ಒತ್ತಿ, ಗೋಡೆಯ ಗಡಿಯಾರ ನೋಡಿದಳು. ಹನ್ನೊಂದೂ ನಲವತ್ತು.